ರನ್‌ವೇ ಮೇಲಿನ ಹುರುಳಿ

ಭಾನುವಾರ ಬೆಳಿಗ್ಗೆ ಹುರುಳಿಕಾಳು ಹಸನು ಮಾಡುವ ಕೆಲಸ ನಮ್ಮ ಮನೆಯಲ್ಲಿ ನನ್ನದು. ಹೆಂಡತಿ ಮೊರವನ್ನು ನನ್ನ ಮುಂದಿಟ್ಟು, "ಇಂಜಿನಿಯರ್ ಕಣ್ಣು ನಿಮ್ಮದು, ಒಂದು ಕಲ್ಲೂ ತಪ್ಪಿಸಿಕೊಳ್ಳಲ್ಲ" ಎಂದು ಹೊಗಳಿ ಒಳಗೆ ಹೋಗಿಬಿಡುತ್ತಾಳೆ. ಹೊಗಳಿಕೆಯ ಬೆನ್ನಿಗೇ ಒಂದು ಕೆಲಸ ಅಂಟಿಕೊಂಡಿರುತ್ತದೆ ಎಂಬುದನ್ನು ನಾನು ಕಾರ್ಖಾನೆಗಿಂತ ಮನೆಯಲ್ಲೇ ಹೆಚ್ಚು ಕಲಿತೆ. ಅಕ್ಕಿಯೊಳಗಿನ ಕಲ್ಲು ಹುಡುಕುವುದು ಸುಲಭ, ನೆಂಟರ ನಡುವೆ ಕೂತ ಸಾಲಗಾರನ ಹಾಗೆ ತಾನೇ ಎದ್ದು ಕಾಣುತ್ತದೆ. ಹುರುಳಿಯದು ಹಾಗಲ್ಲ. ನಮ್ಮ ಸೀಮೆಯ ಮೊರಂ ಎನ್ನುವ ಕೆಂಪು ಗರಸು ಮಣ್ಣಿನ ಕಲ್ಲಿಗೂ ಹುರುಳಿಕಾಳಿಗೂ ಒಂದೇ ಮೈಬಣ್ಣ, ಹೆಚ್ಚುಕಡಿಮೆ ಒಂದೇ ಗಾತ್ರ, ಒಂದೇ ಚಪ್ಪಟೆ. ಅದು ಬೆರಳಿಗೆ ತಿಳಿಯಬೇಕು. ಬೆರಳು ತಪ್ಪಿದರೆ ಮಧ್ಯಾಹ್ನ ಹಲ್ಲಿಗೆ ತಿಳಿಯುತ್ತದೆ.

ಈ ವಾರವೂ ಒಂದು ಸಿಕ್ಕಿತು. ಕೆಂಪಗೆ, ನುಣ್ಣಗೆ, ರೋಲರಿನಡಿ ಸಿಕ್ಕಿ ಒಂದು ಮಗ್ಗುಲು ಮಟ್ಟಸವಾದದ್ದು. ಅದು ಎಲ್ಲಿಯದೆಂದು ನನಗೆ ಗೊತ್ತು. ಹೊಲದ ಕಲ್ಲಲ್ಲ, ಟಾರು ರಸ್ತೆಯ ಜಲ್ಲಿಯೂ ಅಲ್ಲ; ವಿಮಾನ ಇಳಿಯುವ ಜಾಗದ ಕಲ್ಲು. ನಗಬೇಡಿ. ವಿಮಾನ ಇಳಿಯುವ ಜಾಗದಿಂದ ಹುರುಳಿಸಾರಿನ ಪಾತ್ರೆಯವರೆಗೆ ಒಂದು ಕಲ್ಲು ನಡೆದು ಬಂದ ದಾರಿಯನ್ನೇ ನಿಮಗೆ ಹೇಳಲು ಕೂತಿದ್ದೇನೆ.

ನಾನು ಉದ್ದನಪಲ್ಲಿ ಕಡೆಯ ಹಳ್ಳಿಯವನು. ಕೆಲಮಂಗಲದಲ್ಲಿ ಕನ್ನಡದಲ್ಲಿ ಲೆಕ್ಕ ಕಲಿತೆ, ಹೊಸೂರಿನಲ್ಲಿ ತಮಿಳಿನಲ್ಲಿ ಜಗಳವಾಡಲು ಕಲಿತೆ, ಕೊಯಮತ್ತೂರಿನಲ್ಲಿ ಇಂಗ್ಲಿಷಿನಲ್ಲಿ ಪರೀಕ್ಷೆ ಬರೆದು ಎಪ್ಪತ್ತರ ದಶಕ ಮುಗಿಯುವ ಮುಂಚೆ ಇಂಜಿನಿಯರ್ ಎನ್ನಿಸಿಕೊಂಡೆ. ನಮ್ಮ ವಂಶದಲ್ಲಿ ಹೆಬ್ಬೆಟ್ಟಿಗೆ ಮಸಿ ಹಚ್ಚಿಕೊಳ್ಳದೆ ಸಹಿ ಹಾಕಿದವರಲ್ಲಿ ನಾನು ಎರಡನೆಯವನು, ಪದವಿ ಪಡೆದವರಲ್ಲಿ ಮೊದಲನೆಯವನು. ಇದನ್ನು ಹೇಳುವಾಗ ನನ್ನ ಎದೆ ಸ್ವಲ್ಪ ಉಬ್ಬುತ್ತದೆ, ಉಬ್ಬಲಿ ಬಿಡಿ. ಮೈಮುರಿದು ಸಂಪಾದಿಸಿದ್ದನ್ನು ನಾಚಿಕೊಂಡು ಸೆರಗಿನಲ್ಲಿ ಮುಚ್ಚುವ ವಿನಯವನ್ನು ನನಗೆ ಯಾರೂ ಕಲಿಸಲಿಲ್ಲ. ಸಹಿ ಹಾಕಿದ ಮೊದಲನೆಯವಳು ನನ್ನ ಅಕ್ಕ ಗೌರಮ್ಮ. ಐದನೆಯ ಕ್ಲಾಸಿಗೆ ಅವಳು ಶಾಲೆ ಬಿಟ್ಟಳು. ಯಾಕೆ ಬಿಟ್ಟಳು ಎಂಬುದಕ್ಕೆ ಆಮೇಲೆ ಬರುತ್ತೇನೆ.

ನಾನು ಕೆಲಸ ಮಾಡುವುದು ಹೊಸೂರಿನ ಒಂದು ಗ್ರಾನೈಟ್ ಕಂಪನಿಯಲ್ಲಿ. ಕಲ್ಲಿನ ಗಣಿಗಳು ಕೃಷ್ಣಗಿರಿಯ ಸುತ್ತ ಕೆಲವು, ಆಂಧ್ರದ ಬೆಟ್ಟಗಳಲ್ಲಿ ಕೆಲವು, ಕರ್ನಾಟಕದ ಬಡಗಣ ಬಯಲಲ್ಲಿ ಕೆಲವು. ಕಲ್ಲು ಹಡಗು ಹತ್ತುವುದು ಮದ್ರಾಸಿನಲ್ಲಿ. ಯಜಮಾನರನ್ನು ಎಲ್ಲರೂ ಮುದಲಾಳಿ ಎನ್ನುತ್ತಾರೆ. ಎಂಬತ್ತರ ದಶಕ ಇಳಿಮುಖವಾಗಿದ್ದ ಒಂದು ಬೆಳಿಗ್ಗೆ ಅವರು ನನ್ನನ್ನು ಕರೆಸಿ, ಹೊಳೆಯುವ ಕಾಗದದ ಎರಡು ಬಣ್ಣದ ಪುಸ್ತಕಗಳನ್ನು ಮೇಜಿನ ಮೇಲೆ ನನ್ನ ಕಡೆಗೆ ನೂಕಿದರು. "ತಂಬಿ, ಕಂಪನಿಗೆ ಒಂದು ವಿಮಾನ ತಗೋತಾ ಇದ್ದೀನಿ. ಈ ಎರಡರಲ್ಲಿ ನಮಗೆ ಯಾವುದು, ನಲ್ಲಾ ಯೋಚಿಸಿ ಹೇಳು. ಮೆಷಿನ್ ಅಂದ ಮೇಲೆ ನಿನಗೇ ತಾನೆ ತಿಳಿಯಬೇಕು?" ಎಂದರು. ಅವರ ಕಣ್ಣು ಮಾತ್ರ ಎರಡರಲ್ಲಿ ಒಂದು ಪುಸ್ತಕದ ಮೇಲೇ ಇತ್ತು. ಎತ್ತಿನ ಸಂತೆಯಲ್ಲಿ ಮನಸ್ಸಿಗೆ ಹಿಡಿದ ಎತ್ತಿನ ಕಡೆ ನೋಡದವನ ಹಾಗೆ ನೋಡುತ್ತಾರಲ್ಲ, ಹಾಗೆ.

ಎರಡಕ್ಕೂ ಒಂದೊಂದೇ ಇಂಜಿನ್ನು. ಜೆಟ್ ವಿಮಾನದಲ್ಲಿರುವಂಥದೇ ಟರ್ಬೈನು, ಸೀಮೆಎಣ್ಣೆಯ ದಾಯಾದಿಯಂಥ ಎಣ್ಣೆ ಕುಡಿದು, ಮೂಗಿನ ಮೇಲಿನ ಪಂಖವನ್ನು ತಿರುಗಿಸುತ್ತದೆ. ಅಷ್ಟಕ್ಕೆ ಅವುಗಳ ನೆಂಟಸ್ತಿಕೆ ಮುಗಿಯಿತು. ಮೊದಲನೆಯದು ದುಡಿಮೆಯ ವಿಮಾನ. ರೆಕ್ಕೆ ಹೆಗಲ ಮೇಲೆ, ಕೆಳಗೆ ನೆಟ್ಟ ಕಂಬದಂಥ ಕಾಲುಗಳು. ಹಾರುವಾಗಲೂ ಆ ಕಾಲುಗಳನ್ನು ಮಡಚುವುದಿಲ್ಲ, ಯಾವ ಹೊತ್ತಿನಲ್ಲಿ ಎಲ್ಲಿ ಇಳಿಯಬೇಕಾಗುತ್ತದೋ ಎಂದು ಕಾಯುತ್ತಿರುವ ಹಾಗೆ. ಪಕ್ಕೆಯಲ್ಲಿ ನಮ್ಮ ಕೊಟ್ಟಿಗೆಯ ಬಾಗಿಲಿನಷ್ಟು ಬಾಗಿಲು. ಕಲ್ಲು ಕೊಯ್ಯುವ ಗರಗಸದ ಚಕ್ರಗಳನ್ನೂ ಕಂಪ್ರೆಸರನ್ನೂ ನಾಲ್ಕು ಜನ ಮೆಕ್ಯಾನಿಕ್ಕುಗಳನ್ನೂ ಒಟ್ಟಿಗೆ ತುಂಬಿಕೊಂಡು, ಮೊರಂ ನೆಲದಲ್ಲಿ ಸಣ್ಣ ಓಟ ಓಡಿ ಏಳುತ್ತದೆ, ಅಂಥದೇ ನೆಲದಲ್ಲಿ ಇಳಿಯುತ್ತದೆ. ಎರಡನೆಯದು ವೇಗದ ವಿಮಾನ. ಕೊಕ್ಕರೆಯ ಹಾಗೆ ನೀಳ, ನೆಲ ಬಿಟ್ಟ ಕೂಡಲೇ ಕಾಲುಗಳನ್ನು ಹೊಟ್ಟೆಯೊಳಕ್ಕೆ ಎಳೆದುಕೊಂಡು, ಮೋಡದ ಮೇಲೆ, ಮೊದಲನೆಯದರ ಹತ್ತಿರಹತ್ತಿರ ಎರಡರಷ್ಟು ವೇಗದಲ್ಲಿ ಹೋಗುತ್ತದೆ. ಆಗಿನ್ನೂ ಯಾರ ಕೈಗೂ ಬಂದಿರಲಿಲ್ಲ, ಈಗ ಹೆಸರು ಬರೆಸಿದವರಿಗೆ ಮೊದಲು ಎನ್ನುತ್ತಿದ್ದರು. ಅದಕ್ಕೆ ಬೇಕಾದದ್ದು ಉದ್ದನೆಯ, ಟಾರು ಹಾಕಿದ, ಕನ್ನಡಿಯಂಥ ರನ್‌ವೇ.

ಈ ಎರಡರ ನಡುವೆ ಆರಿಸುವುದು ವಿಮಾನ ಕೊಳ್ಳುವವರ ಕಷ್ಟ ಮಾತ್ರವೆಂದು ತಿಳಿಯಬೇಡಿ. ನೀವು ಚಪ್ಪಲಿ ಅಂಗಡಿಯಲ್ಲಿ ಪಟ್ಟಿರುತ್ತೀರಿ, ಮದುವೆಗೆ ಗಂಡು ನೋಡುವಾಗ ಪಟ್ಟಿರುತ್ತೀರಿ. ಒಂದು ಎಲ್ಲಿಗೆ ಬೇಕಾದರೂ ಬರುತ್ತದೆ, ನಿಧಾನ. ಇನ್ನೊಂದು ಬೇಗ ತಲುಪಿಸುತ್ತದೆ, ಆದರೆ ಅದು ಹೋಗುವ ಕಡೆಗೇ ನೀವು ಹೋಗಬೇಕು. ನಾನು ಲೆಕ್ಕ ಹಾಕಿದೆ. ಹೊಸೂರಿನಿಂದ ಮದ್ರಾಸಿಗೆ ಹೋಗುವುದರಲ್ಲಿ ವೇಗದ ವಿಮಾನ ಉಳಿಸುವ ಹೊತ್ತು, ಆರಾಮವಾಗಿ ಕೂತು ತಿಂಡಿ ತಿಂದು ಕಾಫಿ ಕುಡಿಯುವಷ್ಟು. ಇಳಿದ ಮೇಲೆ ಬಂದರಿಗೆ ಹೋಗುವ ಕಾರಿನ ದಾರಿ ಆ ಹೊತ್ತನ್ನು ನುಂಗಿ ನೀರು ಕುಡಿಯುತ್ತದೆ. ಗಣಿಗಳ ಹತ್ತಿರವಂತೂ ಅದು ಇಳಿಯಲಾರದು. ನಮ್ಮ ಕೆಲಸಕ್ಕೆ ದುಡಿಮೆಯ ವಿಮಾನವೇ ಸರಿ, ಎರಡು ಮಾತಿಲ್ಲ ಎನ್ನಿಸಿತು.

ಎನ್ನಿಸಿದ ಮೇಲೆ ಹೆದರಿಕೆಯಾಯಿತು. ಯಾಕೆಂದರೆ ಕಂಪನಿ ವಿಮಾನಕ್ಕೆಂದು ರೋಲರ್ ಹೊಡೆಸಿ ಸಿದ್ಧ ಮಾಡಿದ್ದ ಮೊರಂ ಪಟ್ಟಿ ಇದ್ದದ್ದು ನಮ್ಮ ಊರ ಮಗ್ಗುಲ ಕಲ್ಲುಬಯಲಿನಲ್ಲೇ, ಅದರ ಮೂಡಣ ತುದಿಗೆ ತಗುಲಿಕೊಂಡಿದ್ದದ್ದು ನನ್ನ ಅಕ್ಕನ ಹೊಲ. ಅಕ್ಕನನ್ನು ಕೊಟ್ಟಿರುವುದು ಅದೇ ಊರಿನಲ್ಲೇ. ವೇಗದ ವಿಮಾನ ಬಂದರೆ ಪಟ್ಟಿ ಉದ್ದವಾಗಬೇಕು, ಹೊಲ ಹೋಗಬೇಕು. ದುಡಿಮೆಯ ವಿಮಾನವೇ ಸಾಕು ಎಂದು ನಾನು ಬರೆದರೆ ಆಫೀಸಿನಲ್ಲಿ ಏನನ್ನುತ್ತಾರೆ? ಅಕ್ಕನ ಹೊಲ ಉಳಿಸಿಕೊಂಡ ಎನ್ನುತ್ತಾರೆ. ಮೊದಲ ತಲೆಮಾರಿನಲ್ಲಿ ಓದಿ ಬಂದವನ ಕೈಯಲ್ಲಿ ಬೇರೆ ಆಸ್ತಿಯಿರುವುದಿಲ್ಲ, ನೋಡಿ. ಅವನ ಮಾತನ್ನು ಜನ ನಂಬುತ್ತಾರೆ ಎಂಬುದೊಂದೇ ಅವನ ಆಸ್ತಿ.

ಅಕ್ಕನಿಗೆ ಮೊದಲೇ ಹೇಳಿಬಿಡೋಣ, ಅತ್ತರೆ ಸಮಾಧಾನ ಮಾಡೋಣ ಎಂದು ಒಂದು ಸಂಜೆ ಹೊರಟೆ. ಅವಳು ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ಭಾವ ಮುನಿಯಪ್ಪ ಎಲೆಅಡಿಕೆ ಹಾಕಿಕೊಂಡು ಕಂಬಕ್ಕೆ ಒರಗಿದ್ದ.

"ಏನ್ಲಾ ನಾಗ, ಹೊತ್ತಲ್ಲದ ಹೊತ್ನಾಗೆ? ಕಂಪ್ನಿಯೋರು ಓಡಿಸ್ಬುಟ್ರಾ?" ಎಂದಳು ಅಕ್ಕ.

ವಿಷಯವನ್ನು ಸುತ್ತಿ ಬಳಸಿ ಹೇಳಿದೆ. ಅವಳು ಕಾಯಿ ಸುಲಿಯುವುದನ್ನು ನಿಲ್ಲಿಸಲಿಲ್ಲ. "ಯಾವ ಇಮಾನಕ್ಕೆ ನಮ್ಮ ಹೊಲ ಬೇಕು?" ಎಂದಳು.

"ಜೋರಾಗಿ ಹೋಗೋದಕ್ಕೆ."

"ಹಂಗಾದ್ರೆ ಜೋರಾಗಿ ಹೋಗೋದೇ ತಗಳ್ಳಿ ಅಂತ ಬರಿ ಕಣ್ಲಾ. ಅದ್ಕೇನು ಮುಖ ಹಿಂಗ್ ಮಾಡ್ಕಂಡು ಬಂದಿದ್ದೀಯ?"

"ಭಾವನ ತಾತನ ಕಾಲದ ಹೊಲ ಅಕ್ಕ."

"ತಾತನ ಕಾಲದ್ದು ಅಂತ ಆನೆಗೆ ಗೊತ್ತೇನ್ಲಾ? ರಾಗಿ ತೆನೆ ಹಾಲು ತುಂಬೋದೇ ತಡ, ಡೆಂಕಣಿಕೋಟೆ ಕಾಡಿಂದ ನೆಂಟರ ಮನೆಗೆ ಬಂದಂಗೆ ಬತ್ತವೆ. ನಾನೊಂದು ರಾತ್ರಿ, ನಿಮ್ಮ ಭಾವ ಒಂದು ರಾತ್ರಿ, ಮಂಜುಳ ಒಂದು ರಾತ್ರಿ ಅಟ್ಟಣೆ ಹತ್ತಿ ಡಬ್ಬ ಬಡೀತೀವಿ. ಮಾರ್ನೆ ದಿನ ಆ ಮಗ ಸ್ಕೂಲ್ನಾಗೆ ತೂಕಡಿಸ್ತದೆ. ಹತ್ನೇ ಕ್ಲಾಸು ಕಣ್ಲಾ ಅದು! ಆ ಹೊಲ ಹೋಗ್ಲಿ ಬುಡು. ಕಂಪ್ನಿಯೋರು ಕೊಡೋ ದುಡ್ನಾಗೆ ಊರ ಪಕ್ಕದಾಗೆ ಒಂದಿಷ್ಟು ತಗಂಡು ಟಮಾಟೆ ಹಾಕ್ಕಂಡು ಇರ್ತೀವಿ. ಮಗಳು ಓದ್ಕತಾಳೆ."

ಭಾವ ಎಲೆಯ ರಸ ಉಗುಳಿ ಬಂದು, ಅಲ್ಲಿಯವರೆಗೂ ಅದನ್ನೇ ಯೋಚಿಸುತ್ತಿದ್ದವನ ಹಾಗೆ, "ಇಮಾನದ ಸದ್ದಿಗೆ ಆನೆ ಹೆದರ್ಕಂಡು ಹೋದ್ರೂ ಹೋಗ್ಬೈದು" ಎಂದ. "ನೀನು ಸುಮ್ಕಿರು. ನಿನ್ನ ಗೊರಕೆಗೇ ಹೆದರ್ನಿಲ್ಲ ಅವು" ಎಂದಳು ಅಕ್ಕ.

ಹಿಂದಕ್ಕೆ ಬರುವಾಗ ಬಸ್ಸಿನಲ್ಲಿ ನನ್ನ ಸ್ಥಿತಿಯನ್ನು ನೆನೆದು ನನಗೇ ನಗು ಬಂತು. ಹೋಗುವಾಗ ಇದ್ದ ಹೆದರಿಕೆ, ಅಕ್ಕನಿಗೆ ಒಳ್ಳೆಯದಾಗಲೆಂದು ದುಡಿಮೆಯ ವಿಮಾನ ಆರಿಸಿದ ಎಂದು ಜನ ಅನ್ನುತ್ತಾರಲ್ಲ ಎಂದು. ಬರುವಾಗಿನ ಕಷ್ಟ, ಅಕ್ಕನಿಗೆ ಒಳ್ಳೆಯದಾಗಬೇಕಾದರೆ ನಾನು ವೇಗದ ವಿಮಾನ ಆರಿಸಬೇಕಲ್ಲ ಎಂದು. ಮುದಲಾಳಿಯ ಮನಸ್ಸೂ ಅದರ ಮೇಲೇ ಇತ್ತು. ಅಕ್ಕನೂ ಮುದಲಾಳಿಯೂ ಒಂದೇ ಕಡೆ, ಇನ್ನೊಂದು ಕಡೆ ನಾನು ಹಾಕಿದ ಬಡಪಾಯಿ ಲೆಕ್ಕ. ಒಂದು ಸಾಲು ಬೇರೆ ಥರ ಬರೆದಿದ್ದರೆ ಎಲ್ಲರಿಗೂ ಖುಷಿಯಾಗುತ್ತಿತ್ತು. ಬರೆಯಲೂ ಆಗದೆ ಬಿಡಲೂ ಆಗದೆ ವಾರಗಟ್ಟಲೆ ಮುಂದೂಡಿದೆ. ಅಷ್ಟರಲ್ಲಿ ದುಡಿಮೆಯ ವಿಮಾನದ ಏಜೆಂಟರು, ನಾವೇ ತಂದು ಇಳಿಸಿ ತೋರಿಸುತ್ತೇವೆ ಎಂದು ಸಂಕ್ರಾಂತಿ ಕಳೆದ ಮೇಲಿನ ಒಂದು ದಿನ ಗೊತ್ತುಮಾಡಿದರು.

ಈಗ ನಿಮಗೆ ನಮ್ಮ ಸೀಮೆಯ ಒಂದು ಪದ್ಧತಿ ಹೇಳಬೇಕು. ಸುಗ್ಗಿ ಬಂತೆಂದರೆ ನಮ್ಮ ಕಡೆ ಟಾರು ರಸ್ತೆಯೇ ಕಣ. ರಾಗಿ ಹುಲ್ಲನ್ನೂ ಹುರುಳಿ ಬಳ್ಳಿಯನ್ನೂ ರಸ್ತೆಯುದ್ದಕ್ಕೆ ಹಾಸಿ ಮರದ ನೆರಳಲ್ಲಿ ಕೂತರೆ ಆಯಿತು. ರಾಯಕೋಟೆ ಬಸ್ಸು, ಟಮಾಟೆ ಲಾರಿ, ಕಲ್ಲಿನ ಲಾರಿ ಎಲ್ಲವೂ ತುಳಿದು ಕಾಳು ಉದುರಿಸಿಕೊಟ್ಟು ಹೋಗುತ್ತವೆ. ಡ್ರೈವರು ಮೂರು ಭಾಷೆಯಲ್ಲಿ ಬೈಯುತ್ತಾನೆ, ಗಾಡಿ ಮಾತ್ರ ನಿಲ್ಲಿಸುವುದಿಲ್ಲ. ಬೈಗುಳ ಅವನದು, ಕಾಳು ನಮ್ಮದು. ಹೀಗಿರುವಾಗ, ರಸ್ತೆಗಿಂತ ಅಗಲವಾದ, ರೋಲರ್ ಹೊಡೆದು ಗಟ್ಟಿ ಮಾಡಿದ ನೆಲವೊಂದು ಊರ ಮಗ್ಗುಲಲ್ಲೇ ಬಿದ್ದುಕೊಂಡಿದ್ದು, ಹತ್ತು ಗಂಟೆಗೆ ಅದರ ಮೇಲೆ ದೊಡ್ಡದೊಂದು ಗಾಡಿ ಬರುತ್ತದೆಂಬ ಸುದ್ದಿಯೂ ಹಬ್ಬಿದರೆ ಜನ ಏನು ಮಾಡಬೇಕು, ನೀವೇ ಹೇಳಿ.

ನಾವು ಮುದಲಾಳಿಯ ಕಾರಿನಲ್ಲಿ ಹೋಗಿ ಇಳಿದಾಗ ಪಟ್ಟಿಯ ಮೂಡಣ ಅರ್ಧ ಹುರುಳಿಬಳ್ಳಿಯಿಂದ ಮುಚ್ಚಿಹೋಗಿತ್ತು. "ಯಾರಪ್ಪಾ ಇದು? ಕಲ್ಯಾಣಕ್ಕೆ ಜಮಖಾನ ಹಾಸಿದ ಹಾಗೆ ಹಾಸಿದ್ದಾರೆ!" ಎಂದು ಮುದಲಾಳಿ ತಲೆಯ ಮೇಲೆ ಕೈ ಹೊತ್ತರು. ಕಾವಲಿನ ಚಿನ್ನಪ್ಪನನ್ನು ಕೂಗಿದೆ. ಅವನು ಓಡಿ ಬಂದ, ಅವನ ಅಂಗಿಯ ತುಂಬ ಹುರುಳಿ ಹೊಟ್ಟು. ತನ್ನ ಮನೆಯದನ್ನೂ ಹಾಸಿದ್ದ.

"ನೀವೇ ಅಲ್ವಾ ಸಾರ್ ಹೇಳಿದ್ದು, ಹತ್ತು ಗಂಟೆಗೆ ಗಾಡಿ ಬತ್ತದೆ ಅಂತ?"

ಅಷ್ಟರಲ್ಲಿ ಹೊಸೂರಿನ ಕಡೆಯ ಆಕಾಶದಲ್ಲಿ ಸದ್ದು ಕೇಳಿಸಿತು. ನಾನು ಪ್ಯಾಂಟು ಮಡಚಿಕೊಂಡು ಓಡಿದೆ. "ತೆಗೀರಿ, ತೆಗೀರಿ!" ಎಂದು ಮೂರು ಭಾಷೆಯಲ್ಲೂ ಕೂಗಿದೆ. ಹೆಂಗಸರು ನನ್ನನ್ನೂ ಆಕಾಶವನ್ನೂ ನೋಡಿದರು. ಎಲ್ಲರಿಗಿಂತ ಉದ್ದಕ್ಕೆ ಹಾಸಿ, ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತಿದ್ದವಳು ನನ್ನ ಅಕ್ಕನೇ. "ತುಳೀಲಿ ಬುಡ್ಲಾ, ಬಸ್ಸು ತುಳಿಯಾಕಿಲ್ವಾ?" ಎಂದಳು. ಇದು ಬಸ್ಸಲ್ಲ, ಬಳ್ಳಿ ಗಾಲಿಗೆ ಸುತ್ತಿಕೊಂಡರೆ ಮಗುಚಿಕೊಳ್ಳುತ್ತದೆ, ಒಳಗೆ ಜನ ಇದ್ದಾರೆ ಎಂದೆ. ಆಗ ಅವಳ ಮುಖ ಬಿಳಿಚಿತು. ಜನರನ್ನೆಲ್ಲ ಎಳೆದೆಳೆದು ಪಕ್ಕಕ್ಕೆ ನೂಕಿದವಳೂ ಅವಳೇ. ಬಳ್ಳಿ ತೆಗೆಯಲು ಹೊತ್ತಿರಲಿಲ್ಲ.

ವಿಮಾನ ನಮ್ಮ ತಲೆಯ ಮೇಲೆ ಒಂದು ಸುತ್ತು ಹಾಕಿತು, ನಿಧಾನವಾಗಿ, ಅಂಗಳ ನೋಡುವ ಹದ್ದಿನ ಹಾಗೆ. ಇನ್ನೊಂದು ಸುತ್ತು ಹಾಕಿತು. ಬೆಂಗಳೂರಿಗೆ ವಾಪಸ್ ಹೋಗುತ್ತದೆ, ಮುದಲಾಳಿ ನಾಳೆಯೇ ಆ ಇನ್ನೊಂದಕ್ಕೆ ಹೆಸರು ಬರೆಸುತ್ತಾರೆ, ಅಕ್ಕನ ಆಸೆಯೂ ನೆರವೇರುತ್ತದೆ, ನನ್ನ ತಲೆನೋವೂ ಕಳೆಯುತ್ತದೆ ಎಂದುಕೊಂಡೆ. ಹೋಗಲಿಲ್ಲ ಅದು. ಪಡುವಣ ತುದಿಯಿಂದ ತಗ್ಗಿ ಬಂದು, ಆ ಮಡಚದ ಕಾಲುಗಳನ್ನು ಪಟ್ಟಿಯ ಮೊದಲಿಗೇ ಊರಿ, ಪಂಖವನ್ನು ಹಿಂದುಮುಂದು ಮಾಡಿ ಗರ್ಜಿಸಿ, ಕೆಂಪು ಧೂಳೆಬ್ಬಿಸಿ, ಹುರುಳಿಬಳ್ಳಿಗೆ ಒಂದು ಮಾರು ಇರುವಾಗ ನಿಂತಿತು. ಹಾಸಿದ್ದರ ಒಂದು ಎಲೆಯನ್ನೂ ತುಳಿಯಲಿಲ್ಲ. ಆಮೇಲೆ ಬಂದ ದಿಕ್ಕಿಗೆ ಮುಖ ಮಾಡಿ ನಿಲ್ಲಲು ತಿರುಗಿ ಬಾಲವನ್ನು ನಮ್ಮ ಕಡೆಗೆ ಮಾಡಿತಲ್ಲ, ಆಗ ಪಂಖದ ಗಾಳಿ ಬಡಿಯಿತು ನೋಡಿ, ಕೋಲಿನಿಂದ ಆಗಲೇ ಒಂದು ಸಲ ಬಡಿದಿಟ್ಟಿದ್ದ ರಾಶಿಯ ಹೊಟ್ಟೆಲ್ಲ ಎದ್ದು ಅಕ್ಕನ ಹೊಲದ ಬದುವಿನವರೆಗೂ ಹಾರಿತು. ನೆಲದ ಮೇಲೆ ಕಾಳು ಉಳಿಯಿತು.

ಧೂಳಿನ ಒಳಗಿಂದ ಅಕ್ಕನ ದನಿ ಬಂತು: "ತುಳೀದಿದ್ರೂ ತೂರಿ ಕೊಡ್ತಲ್ಲ, ಪುಣ್ಯಾತ್ಮ!"

ವಯಸ್ಸಾದ ಪೈಲಟ್ ನಗುತ್ತ ಇಳಿದು ಬಂದು, "ನಿಮ್ಮ ಪಟ್ಟಿಯಲ್ಲಿ ಅರ್ಧ ನನಗೆ ಸಾಕು. ಇನ್ನರ್ಧದಲ್ಲಿ ಇವರು ಬೆಳೆ ಒಣಗಿಸಿಕೊಳ್ಳಲಿ" ಎಂದ. ಮುದಲಾಳಿ ನನ್ನ ಕಡೆ ತಿರುಗಿದರು. ಪಕ್ಕದಲ್ಲಿದ್ದ ಮ್ಯಾನೇಜರು ಅವರ ಕಿವಿಯಲ್ಲಿ ಏನೋ ಪಿಸುಗುಟ್ಟಿದ. ಏನೆಂದು ನನಗೆ ಕೇಳಬೇಕಾಗಿರಲಿಲ್ಲ.

"ತಂಬಿ, ಈಗ ಹೇಳು. ಇದು ಸಾಕು ಅಂತ ನೀನು ಹೇಳಿದರೆ, ಅಲ್ಲಿ ಕೊನೇಲಿರೋ ನಿನ್ನ ಅಕ್ಕನ ಹೊಲ ಉಳೀತದಂತೆ. ನಿಜವಾ?"

ಅಕ್ಕ ಮೊರ ಹಿಡಿದು ಕೂಗಳತೆಯಲ್ಲೇ ನಿಂತಿದ್ದಳು. "ಉಳೀತದೆ ಸಾರ್. ಆದರೆ ಆ ಹೊಲ ಹೋಗಲಿ ಅಂತಲೇ ಅಕ್ಕನ ಆಸೆ. ಆದರೂ ನಮ್ಮ ಕೆಲಸಕ್ಕೆ ಇದೇ ಸರಿ" ಎಂದೆ. ಮುದಲಾಳಿ ನನ್ನನ್ನೂ ಅಕ್ಕನನ್ನೂ ಹುರುಳಿಯನ್ನೂ ಒಂದೊಂದಾಗಿ ನೋಡಿದರು. ಇಂಥ ಪೆದ್ದ ಸುಳ್ಳು ಹೇಳಲಾರನೆಂದು ತೀರ್ಮಾನಿಸಿದರೋ ಏನೋ, ದುಡಿಮೆಯ ವಿಮಾನವನ್ನೇ ಕೊಂಡರು. ಹೊಲ ಉಳಿಯಿತು.

ಅಕ್ಕ ನನ್ನೊಡನೆ ಮಾತು ಬಿಟ್ಟಳು. ಯುಗಾದಿಗೆ ಹೋದಾಗ ಭಾವನ ಕೈಯಲ್ಲಿ ನೀರು ಕಳಿಸಿದಳು. ಊಟಕ್ಕೆ ಬಡಿಸುವಾಗ ತಡೆಯಲಾರದೆ ನಾನೇ, "ಅರ್ಧ ಪಟ್ಟಿಗೆ ಹುರುಳಿ ಹಾಸಿ, ಅರ್ಧವೇ ಸಾಕು ಅಂತ ತೋರಿಸಿಕೊಟ್ಟೋಳು ನೀನೇ ತಾನೆ ಅಕ್ಕ?" ಎಂದು ನಗಿಸಲು ನೋಡಿದೆ. ಅವಳು ನಗಲಿಲ್ಲ.

"ಹೂಂ ಕಣ್ಲಾ, ಹಾಸಿದ್ದು ನಾನೇ. ಯಾವಾಗ್ಲೂ ಹಾಸೋಳು ನಾನೇ. ನಿನ್ನ ಓದಿಗೆ ನಾನು ಸ್ಕೂಲು ಬುಟ್ಟೆ. ನನ್ನ ಮಗಳ ಓದಿಗೆ ನೀನು ಒಂದು ಮಾತು ಬುಡಕ್ಕಾಗ್ನಿಲ್ಲ."

ಅವಳು ಶಾಲೆ ಬಿಟ್ಟದ್ದಕ್ಕೆ ಆಮೇಲೆ ಬರುತ್ತೇನೆ ಎಂದಿದ್ದೆನಲ್ಲ, ಇಷ್ಟೇ ಅದು. ನನ್ನನ್ನು ಕೆಲಮಂಗಲಕ್ಕೆ ಓದಲು ಕಳಿಸಿದ ವರ್ಷ, ನಾನು ಕಾಯುತ್ತಿದ್ದ ದನಗಳನ್ನು ಯಾರಾದರೂ ಕಾಯಬೇಕಾಗಿತ್ತು. ನನಗಿಂತ ಚೆನ್ನಾಗಿ ಲೆಕ್ಕ ಮಾಡುತ್ತಿದ್ದವಳು ಕೋಲು ಹಿಡಿದು ಹೋದಳು. ಆ ಮನೆಯಲ್ಲಿ ಯಾರೂ ಅದನ್ನು ತ್ಯಾಗ ಎಂದು ಕರೆಯಲಿಲ್ಲ. ದನ ಕಾಯುವುದು ಎಂದಷ್ಟೇ ಕರೆದರು.

ಆ ಎರಡು ಬಣ್ಣದ ಪುಸ್ತಕಗಳು ಈಗಲೂ ನನ್ನ ಕಪಾಟಿನಲ್ಲಿವೆ. ಯುಗಾದಿ ಮುಗಿಸಿ ಬಂದು ವೇಗದ ವಿಮಾನದ್ದನ್ನು ತೆಗೆದು ನೋಡಿದೆ. ಅದು ಎಷ್ಟು ಜೋರಾಗಿ ಹೋಗುತ್ತದೆಂಬುದು ಮೊದಲ ಪುಟದಲ್ಲೇ ದಪ್ಪಕ್ಷರದಲ್ಲಿದೆ. ಅದಕ್ಕೆ ಎಷ್ಟು ನೆಲ ಬೇಕೆಂಬುದು ಕೊನೆಯ ಪುಟದಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿದೆ. ಗೋಡೆಯ ಮೇಲೆ ಕಟ್ಟು ಹಾಕಿಸಿ ತೂಗುಹಾಕಿರುವ ನನ್ನ ಪದವಿಪತ್ರವನ್ನೂ ನೋಡಿದೆ. ಅದರಲ್ಲೂ ನನ್ನ ಹೆಸರು ದಪ್ಪಕ್ಷರದಲ್ಲಿದೆ. ನೆಲದ ಮಾತು ಇರುವೆಯಕ್ಷರದಲ್ಲೂ ಇಲ್ಲ. ನಮ್ಮ ವಂಶದಲ್ಲಿ ನಾನು ಮೊದಲ ವೇಗದ ವಿಮಾನ. ಒಂದೇ ಇಂಜಿನ್ನು, ಕಾಲು ಮಡಚಿಕೊಂಡು ಹಳ್ಳಿಯಿಂದ ಕೊಯಮತ್ತೂರಿಗೆ ಹಾರಿದ್ದು. ನನಗೂ ಉದ್ದನೆಯ ರನ್‌ವೇ ಬೇಕಾಗಿತ್ತು, ಅದು ಅಕ್ಕನ ಹೊಲದ ಮೇಲೆ ಹಾದುಹೋಗಿತ್ತು. ಹಾರಿದವನಿಗೆ ಆಕಾಶ ನೆನಪಿರುತ್ತದೆ. ನೆಲ ನೆನಪಿರುವುದು ಇಳಿಯಬೇಕಾಗಿ ಬಂದಾಗ.

ಆ ದಿನ ನಾನು ಹೇಳಿದ್ದು ಸರಿಯೇ. ಇಂದು ಕೇಳಿದರೂ ಅದನ್ನೇ ಹೇಳುತ್ತೇನೆ. ಆ ವಿಮಾನ ಗಣಿಗಳ ಕೆಮ್ಮಣ್ಣಿನಲ್ಲಿ ಇಳಿದೇಳುವುದನ್ನು ಕಂಡವರು ಯಾರೂ ನನ್ನ ಮಾತು ತಪ್ಪೆನ್ನುವುದಿಲ್ಲ. ಆದರೆ ಸರಿಯಾದ ಮಾತಿಗೂ ಯಾರೋ ಒಬ್ಬರು ಬೆಲೆ ಕೊಡುತ್ತಾರೆ, ಆ ಬೆಲೆಯನ್ನು ಹದಿನೈದರ ಹುಡುಗಿಯೊಬ್ಬಳು ಅಟ್ಟಣೆಯ ಮೇಲೆ ಕೂತು ಕೊಡುತ್ತಿದ್ದಳು. ಹಾಗಾದರೆ ಮಾತು ಬದಲಿಸಬೇಕಾಗಿಲ್ಲ, ಕೂತವರನ್ನು ಬದಲಿಸಬೇಕು. ಹೆಂಡತಿಗೆ ಹೇಳಿದೆ. "ಇಷ್ಟು ಯೋಚಿಸೋಕೆ ಇಂಜಿನಿಯರ್ ಆಗಬೇಕಿತ್ತಾ?" ಎಂದು ಅವಳೇ ಮರುದಿನ ಬಸ್ಸು ಹತ್ತಿ ಹೋಗಿ ಮಂಜುಳಳನ್ನೂ ಅವಳ ಟ್ರಂಕನ್ನೂ ಕರೆತಂದಳು.

ಮಂಜುಳ ಈಗ ನಮ್ಮ ಮನೆಯಿಂದಲೇ ಪ್ಲಸ್ ಟೂ ಓದುತ್ತಿದ್ದಾಳೆ. ರಾಗಿ ತೆನೆ ಹಾಲು ತುಂಬುವ ಕಾಲದಲ್ಲಿ ಶನಿವಾರ ಸಂಜೆ ನಾನು ಹಳ್ಳಿಯ ಬಸ್ಸು ಹತ್ತುತ್ತೇನೆ. ಅವಳ ಸರದಿ ನನ್ನದು. ಡಬ್ಬ ಬಡಿಯುವುದರಲ್ಲಿ ನನಗೆ ಇನ್ನೂ ತಾಳ ಸಿಕ್ಕಿಲ್ಲ. "ನೀನು ಬಡಿಯೋದ ಕೇಳಿದ್ರೆ ಆನೆ ಮದುವೆ ಊಟಕ್ಕೆ ಕರೀತವ್ರೆ ಅಂದ್ಕಂಡು ಬತ್ತವೆ" ಎನ್ನುತ್ತಾಳೆ ಅಕ್ಕ. ಅಂದರೆ ಮಾತು ಬಿಟ್ಟದ್ದು ಮುಗಿಯಿತು. ಹುರುಳಿಯನ್ನು ಅವಳು ಈಗಲೂ ಪಟ್ಟಿಯ ಮೂಡಣ ಅರ್ಧದಲ್ಲೇ ಹಾಸುತ್ತಾಳೆ, ಯಾರೂ ಬೇಡವೆನ್ನುವುದಿಲ್ಲ, ಪೈಲಟ್ಟಿಗೂ ಅಭ್ಯಾಸವಾಗಿದೆ. ತೂರಿಸಿಕೊಳ್ಳಲೆಂದೇ ಹತ್ತು ಗಂಟೆಯವರೆಗೆ ಕಾಯುತ್ತಾರೆ ಜನ. ಅಕ್ಕ ನಮ್ಮ ಮನೆಗೆ ಕಳಿಸುವುದೂ ಅದೇ ಹುರುಳಿ.

ಇದಿಷ್ಟೂ ಮೊರದಲ್ಲಿ ಸಿಕ್ಕ ಒಂದು ಕಲ್ಲಿನಿಂದ. ಇಂಥವನ್ನು ಮೊದಲೆಲ್ಲ ಬೈದುಕೊಂಡು ಅಂಗಳಕ್ಕೆ ಎಸೆಯುತ್ತಿದ್ದೆ. ಈಗ ಹೆಬ್ಬೆರಳಿನಿಂದ ಅದರ ಮಟ್ಟಸವಾದ ಮಗ್ಗುಲನ್ನು ಸವರುತ್ತ ಕೂತಿದ್ದೆ. ಮೇಜಿನ ಹತ್ತಿರ ಓದುತ್ತಿದ್ದ ಮಂಜುಳ ತಲೆಯೆತ್ತಿ, "ಏನು ಮಾವ ಅದು?" ಎಂದಳು.

"ಓದ್ಕೊ ನೀನು" ಎಂದು ಕಲ್ಲನ್ನು ಅಂಗಿಯ ಜೇಬಿಗೆ ಹಾಕಿಕೊಂಡೆ. ಶನಿವಾರ ಹೋದಾಗ ಪಟ್ಟಿಯ ಮೇಲೆ, ಅದು ಇದ್ದ ಕಡೆಯಲ್ಲೇ, ಕಾಲಿನಿಂದ ಒತ್ತಿ ಕೂರಿಸಿ ಬರುತ್ತೇನೆ.